ಬಟಾಟೆಯ ಮೇಲೆ ಕಲಿತ ಗುರಿ

ಮಾವನವರ ಹೊಂಡದ ಮಾಂಗೂರು ಮೀನನ್ನು ಬಿಲ್ಲು ಹಿಡಿದು ಹೊಡೆದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಗಂಡ ಈ ಕಥೆ ಹೇಳಲು ಕೂತರೆ ನಾನು ಗುರಿ ತಪ್ಪಿದ್ದನ್ನು ಊಟ ಮುಗಿಯುವವರೆಗೂ ಎಳೆಯುತ್ತಾರೆ, ಹೊಡೆದದ್ದನ್ನು ಮಾತ್ರ ಕೈತೊಳೆಯಲು ಏಳುವಾಗ ಹೇಳಿ ಮುಗಿಸುತ್ತಾರೆ. ಅದಕ್ಕೇ ನಾನೇ ಬರೆಯಲು ಕೂತೆ.

ನಮ್ಮ ತವರಿನವರು ಹುಬ್ಬಳ್ಳಿ ಕಡೆಯಿಂದ ಬಂದು ಪುಣೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಶ್ರಾವಣ ಬಂದರೆ ಈರುಳ್ಳಿಯೂ ಒಳಗೆ ಬರದ ಮನೆ. ಮದುವೆಯಾಗಿ ಸೇರಿದ್ದು ಪುಣೆಯಲ್ಲೇ ನೆಲೆಸಿದ ಕರಾವಳಿಯ ಹೋಟೆಲಿನವರ ಮನೆ. ಹೋಟೆಲು ಪೂರ್ತಿ ಸಸ್ಯಾಹಾರಿ, ಮನೆಯಲ್ಲಿ ಮೀನಿಲ್ಲದೆ ಯಾರಿಗೂ ಅನ್ನ ಇಳಿಯುವುದಿಲ್ಲ. ನಾನು ಇಷ್ಟು ವರ್ಷಗಳಲ್ಲಿ ಆ ವಾಸನೆಗೆ ಹೊಂದಿಕೊಂಡೆ, ತಿನ್ನುವುದಕ್ಕೆ ಹೊಂದಿಕೊಳ್ಳಲಿಲ್ಲ. ಯಾರೂ ಬಲವಂತ ಮಾಡಲೂ ಇಲ್ಲ. ನನ್ನ ತಟ್ಟೆಗೆ ತೊವ್ವೆ ಬಡಿಸುವಾಗ ಮಾವನವರು ಒಮ್ಮೆ ಪಾಪ ಎಂಬಂತೆ ನೋಡುತ್ತಿದ್ದರು, ಅಷ್ಟೇ.

ಮಾವನವರು ಆಯುಷ್ಯವೆಲ್ಲ ಖರಾಡಿ ಬಡಾವಣೆಯ ಹೋಟೆಲಿನ ಗಲ್ಲಾದ ಮೇಲೆ ಕೂತವರು. ಮಂಡಿನೋವು ಶುರುವಾದ ಮೇಲೆ ಗಲ್ಲಾವನ್ನು ಮಗನಿಗೆ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟ ಮರುದಿನದಿಂದಲೇ ಅವರಿಗೆ ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಪೇಪರು ಓದುವುದು, ಬಾಲ್ಕನಿಗೆ ಹೋಗುವುದು, ವಾಪಸು ಬಂದು ಅದೇ ಪೇಪರು ಓದುವುದು. ಕೊನೆಗೆ ಪುಣೆಯ ಆಚೆ ಭೋರ್ ಎಂಬ ಊರಿನ ಹತ್ತಿರ ಯಾರೋ ಕಲ್ಲು ಒಡೆದು ಬಿಟ್ಟುಹೋಗಿದ್ದ ಹಳೆಯ ಕ್ವಾರಿ, ಸುತ್ತಲಿನ ಒಂದಿಷ್ಟು ಜಾಗ ಕೊಂಡುಕೊಂಡರು. ಕ್ವಾರಿಯಲ್ಲಿ ಮಳೆನೀರು ತುಂಬಿ ದೊಡ್ಡ ಹೊಂಡವಾಗಿತ್ತು. ಅದರಲ್ಲಿ ರೋಹು, ಕಟ್ಲಾ ಮರಿಗಳನ್ನು ಬಿಟ್ಟರು. ಬೆಳಿಗ್ಗೆ ಎದ್ದು ಶೇಂಗಾ ಹಿಂಡಿ, ತೌಡು ಕಲಸಿ ಬೋಗುಣಿ ಹಿಡಿದು ದಂಡೆಗೆ ಹೋದರೆ ಮೀನುಗಳು ಬಾಯಿ ತೆರೆದು ಮೇಲೆ ಬರುತ್ತಿದ್ದವು. ಅವರ ಮುಖದಲ್ಲಿ ಬೆಳಗಿನ ಇಡ್ಲಿಯ ರಶ್ಶು ನೋಡಿದಾಗಿನ ಸುಖ ಮತ್ತೆ ಕಾಣಿಸಿತು. ಆಮೇಲಿಂದ ವಾರದಲ್ಲಿ ಹೆಚ್ಚು ದಿನ ಅವರು ಅಲ್ಲಿಯೇ, ಹೊಂಡದ ಪಕ್ಕದ ಸಣ್ಣ ಮನೆಯಲ್ಲಿ.

ಅಂಥ ಹೊಂಡಕ್ಕೆ ಕಳೆದ ಮಳೆಗಾಲದಲ್ಲಿ ಹಳ್ಳ ಉಕ್ಕಿದಾಗ ಒಂದು ಮಾಂಗೂರು ನುಗ್ಗಿತು. ಮೀಸೆ ಬಿಟ್ಟ, ಚಪ್ಪಟೆ ತಲೆಯ, ಕಪ್ಪು ಮೀನು. ಸಾಕಲೇಬಾರದೆಂದು ಸರಕಾರ ನಿಷೇಧಿಸಿರುವ ವಿದೇಶಿ ಜಾತಿ. ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಬೇಸಿಗೆ ಬರುವಷ್ಟರಲ್ಲಿ ಮರಿಗಳು ಅರ್ಧಕ್ಕರ್ಧ ಖಾಲಿ. ಉಳಿದವು ಹೆದರಿ ಬಂಡೆಗಳ ಸಂದಿ ಸೇರಿದವು. ಮಾವನವರು ಬೋಗುಣಿ ತುಂಬ ತಿಂಡಿ ಹಾಕಿದರೂ ಒಂದೂ ಮೇಲೆ ಬರುತ್ತಿರಲಿಲ್ಲ. ಹಿಂಡಿ ನೀರಿನ ಮೇಲೆ ತೇಲಿ ತೇಲಿ ಮುಳುಗುತ್ತಿತ್ತು.

ಬಲೆ ಹಾಕಿಸಿದರು, ತಳದ ಕಲ್ಲಿಗೆ, ಬಿದ್ದ ಜಾಲಿಮರದ ಕೊಂಬೆಗೆ ಸಿಕ್ಕು ಬಲೆ ಹರಿಯಿತು. ಗಾಳ ಹಾಕಿಸಿದರು, ಮಾಂಗೂರು ಗಾಳವನ್ನೇ ಕಿತ್ತುಕೊಂಡು ಹೋಯಿತು. ಆಗ ಅದರ ಎಡಗಡೆಯ ಒಂದು ಮೀಸೆ ತುಂಡಾಯಿತು, ಅಷ್ಟೇ ಗಳಿಕೆ. ಒಂದು ಮಂಗಳವಾರ ಪುಣೆಯ ಮನೆಯಲ್ಲಿ ಊಟದ ಮುಂದೆ ಕೂತು ಮಾವನವರು ತಟ್ಟೆಯತ್ತ ನೋಡುತ್ತಲೇ ಹೇಳಿದರು:

"ಈ ಆದಿತ್ಯವಾರ ಅಲ್ಲ, ಅದು ಬಿಟ್ಟು ಮುಂದಿನ ಆದಿತ್ಯವಾರ ಪಂಪಿನವ ಬರ್ತಾನೆ. ನೀರು ಖಾಲಿ ಮಾಡಿಸುದು. ಸಾಕಾಯ್ತು ನನಗೆ."

"ಆಮೇಲೆ?" ಎಂದರು ನನ್ನ ಗಂಡ.

"ಆಮೇಲೆ ಎಂತ? ಮುಚ್ಚಿಬಿಡುವಾ. ಯಾರಿಗಾದ್ರೂ ಮಾರಿಬಿಡುವಾ."

ಏಪ್ರಿಲ್ ತಿಂಗಳು. ನೀರು ಹೊರಗೆ ಹಾಕಿದರೆ ಮಳೆ ಬರುವವರೆಗೆ ಹೊಂಡ ತುಂಬುವುದಿಲ್ಲ. ಉಳಿದ ರೋಹುಗಳೂ ಹೋಗುತ್ತವೆ. ಇನ್ನೊಮ್ಮೆ ಮರಿ ತಂದು ಬಿಡುವ ಉತ್ಸಾಹ ಆ ಮುಖದಲ್ಲಿ ಇರಲಿಲ್ಲ. ಮತ್ತೆ ಬಾಲ್ಕನಿ, ಮತ್ತೆ ಅದೇ ಪೇಪರು. ನನಗೆ ಕರುಳು ಚುರ್ರೆಂದಿತು. ನನ್ನ ಸ್ವಭಾವವೇ ಹಾಗೆ, ಕರುಳು ಚುರ್ರೆಂದರೆ ಕಣ್ಣೀರು ಬರುವುದಿಲ್ಲ, ಸಿಟ್ಟು ಬರುತ್ತದೆ.

"ಮಾವಾರ, ಪಂಪು ಬರೂತನಕ ನನಗ ಟೈಮ್ ಕೊಡ್ರಿ. ಆ ಮೀನ ನಾ ಹೊಡಿತೀನಿ."

"ನೀನಾ? ಎಂತದರಲ್ಲಿ?"

"ಬಿಲ್ಲಿನಾಗ."

ನನ್ನ ಗಂಡನಿಗೆ ಸಾರು ನೆತ್ತಿಗೆ ಹತ್ತಿತು.

ನಾನು ಬಿಲ್ಲು ಹಿಡಿದದ್ದು ನಲವತ್ತು ದಾಟಿದ ಮೇಲೆ. ಆಫೀಸಿನ ಕಂಪ್ಯೂಟರಿನ ಮುಂದೆ ಕೂತು ಭುಜ ಹಿಡಿದುಕೊಂಡಿತ್ತು. ಯೆರವಡಾದ ಹತ್ತಿರದ ಒಂದು ಮೈದಾನದಲ್ಲಿ ಬಿಲ್ಲುವಿದ್ಯೆ ಕಲಿಸುತ್ತಾರೆಂದು ಗೊತ್ತಾಗಿ, ವ್ಯಾಯಾಮವಾದರೂ ಆಗಲಿ ಎಂದು ಸೇರಿದೆ. ಅದು ಭುಜಕ್ಕೆ ಹಿಡಿಸಿತೋ ಇಲ್ಲವೋ, ತಲೆಗೆ ಹಿಡಿಯಿತು. ಆದರೆ ಸ್ಪರ್ಧೆಗಳಲ್ಲಿ ನನ್ನ ಹೆಸರು ಯಾವಾಗಲೂ ಪಟ್ಟಿಯ ಕೆಳಗಡೆ. ನನ್ನ ಜೊತೆ ಸೇರಿದ ಕಾಲೇಜು ಹುಡುಗಿಯರು ಪದಕ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವಾಗ ಫೋಟೊ ತೆಗೆದುಕೊಡುವ ಕೆಲಸ ನನ್ನದು. ಒಮ್ಮೆಯೂ ಗೆಲ್ಲದ ನಾನು ಹೊಂಡದ ಮೀನು ಹೊಡೆಯುತ್ತೇನೆ ಎಂದರೆ ಯಾರು ನಂಬುತ್ತಾರೆ? ನಾನೇ ಪೂರ್ತಿ ನಂಬಿರಲಿಲ್ಲ.

ಒಂದು ವಿಷಯ ಮಾತ್ರ ನನ್ನ ಕಣ್ಣಿಗೆ ಬಿದ್ದಿತ್ತು. ಮಾಂಗೂರು ಬೇರೆ ಮೀನುಗಳ ಹಾಗಲ್ಲ, ನಡುನಡುವೆ ಮೇಲೆ ಬಂದು ಗಾಳಿ ಕುಡಿಯುತ್ತದೆ. ಅದೂ ಹೆಚ್ಚಾಗಿ ಒಂದೇ ಕಡೆ, ಬಿದ್ದ ಜಾಲಿಮರದ ನೆರಳಿನಲ್ಲಿ. ಬಲೆಗೆ ಸಿಗದ್ದು, ಗಾಳಕ್ಕೆ ಸಿಗದ್ದು, ಆ ಒಂದು ಗಳಿಗೆಯಲ್ಲಿ ಬಾಣಕ್ಕೆ ಸಿಗಬಹುದು.

ಅವ್ವನಿಗೆ ಫೋನ್ ಮಾಡಿ ಹೇಳಿದೆ. ಹೇಳದಿದ್ದರೆ ನಡೆಯುತ್ತಿತ್ತು, ಆದರೆ ಒಳಗೆ ಎಲ್ಲೋ ಕಸಿವಿಸಿ ಇತ್ತು. ಒಂದು ಜೀವ ತೆಗೆಯುವ ಮಾತು, ನಮ್ಮ ಮನೆಯಲ್ಲಿ ಯಾರೂ ಆಡದ ಮಾತು.

"ಏನಂದಿ? ಮೀನಾ? ನೀನಾ?" ಎಂದಳು ಅವ್ವ. "ನಮ್ಮ ಮನಿಯಾಗ ಇರಿವಿ ಕಂಡ್ರ ಸಕ್ರಿ ಹಾಕ್ತೀವಿ. ನಿನಗೇನಾತವಾ?"

ಹೊಂಡದ ವಿಷಯ, ಮಾವನವರ ವಿಷಯ ಎಲ್ಲಾ ಹೇಳಿದೆ.  

"ಹೊಡಿಯೂದು ಖರೇ ಇದ್ರ ಒಂದ ಏಟಿಗೆ ಹೊಡಿ. ಅರ್ಧಾಮರ್ಧಾ ಹೊಡದು ನರಳಿಸಿದಿ ಅಂದ್ರ ನನ್ನ ಮುಂದ ಬರಬ್ಯಾಡ," ಎಂದು ಇಟ್ಟುಬಿಟ್ಟಳು.

ಬಿಲ್ಲನ್ನು ನೀರಿನ ಕೆಲಸಕ್ಕೆ ಸಿದ್ಧ ಮಾಡುವುದೇ ಒಂದು ದೊಡ್ಡ ಗಲಾಟೆ. ಮೈದಾನದ ಬಿಲ್ಲಿಗೆ ಮದುವೆಯ ಹೆಣ್ಣಿನಷ್ಟು ಅಲಂಕಾರ. ಗುರಿ ನೋಡಲು ಒಂದು ಕಡ್ಡಿ, ಅದರ ತುದಿಗೆ ಬಳೆಯಂಥ ಸಣ್ಣ ಉಂಗುರ. ಕೈ ನಡುಗದಿರಲು ಮುಂದಕ್ಕೆ ಚಾಚಿದ ಉದ್ದನೆಯ ಭಾರದ ದಂಡ. ಹೆದೆಯನ್ನು ಪೂರ್ತಿ ಎಳೆದೆವೆಂದು ಟಕ್ ಎಂದು ಹೇಳುವ ಸಣ್ಣ ತಗಡು. ಎಲ್ಲವನ್ನೂ ಬಿಚ್ಚಿಟ್ಟೆ. ಮೀನು ನಮ್ಮ ಟಕ್ ಕೇಳಿಸಿಕೊಂಡು ನಿಲ್ಲುವುದಿಲ್ಲ. ಬೇಗ ಎಳೆದು ಬೇಗ ಬಿಡಲು ಬರುವಂತೆ ಬಿಲ್ಲಿನ ತಿರುಪು ಸ್ವಲ್ಪ ಸಡಿಲಿಸಿದೆ.

ಮೀನಿನ ಬಾಣವೂ ಬೇರೆ. ನಮ್ಮ ಬಾಣ ಹಗುರ, ಹಿಂದೆ ಗರಿ. ನೀರಿಗೆ ಬಿದ್ದರೆ ಆ ಗರಿಯೇ ಅಡ್ಡಿಯಾಗಿ ದಾರಿ ತಪ್ಪಿಸುತ್ತದೆ. ಗರಿಯಿಲ್ಲದ, ಭಾರದ, ಒಳಗೆ ಟೊಳ್ಳಿಲ್ಲದ ಫೈಬರ್ ಬಾಣ ತರಿಸಿದೆ. ಅದರ ಮೊನೆಗೆ ಹಿಂದಕ್ಕೆ ಬಾಗಿದ ಎರಡು ಮುಳ್ಳು, ಒಳಗೆ ಹೋದದ್ದು ಜಾರಿ ಹೊರಗೆ ಬರಬಾರದು. ಬಾಣಕ್ಕೆ ಗಟ್ಟಿ ದಾರ ಕಟ್ಟಬೇಕು, ಇಲ್ಲದಿದ್ದರೆ ಮೀನು ಬಾಣದ ಸಮೇತ ಪರಾರಿ. ಆ ದಾರವನ್ನು ನೇರವಾಗಿ ಬಾಣದ ಬಾಲಕ್ಕೆ ಕಟ್ಟಿದರೆ ಬಿಡುವಾಗ ಬಿಲ್ಲಿಗೆ ಸಿಕ್ಕು, ಬಾಣ ತಿರುಗಿ ನಮ್ಮ ಮುಖಕ್ಕೇ ಬರಬಹುದು. ಅದಕ್ಕೇ ಬಾಣದ ಮೈಮೇಲೆ ಜಾರುವ ಒಂದು ಉಂಗುರ ಹಾಕಿ, ದಾರವನ್ನು ಅದಕ್ಕೆ ಕಟ್ಟಬೇಕು. ಬಿಲ್ಲು ಎಳೆದಾಗಲೂ ಉಂಗುರ ಮುಂದುಗಡೆಯೇ ಇರುತ್ತದೆ, ದಾರ ಸಿಕ್ಕಾಗುವುದಿಲ್ಲ. ಇದೆಲ್ಲ ವಿಡಿಯೋ ನೋಡಿ ಕಲಿತದ್ದು.

ದಾರ ಸುತ್ತಿಡಲು ರಾಟೆ ಬೇಕಿತ್ತು. ಹೋಟೆಲಿನ ಅಡುಗೆಮನೆಯಿಂದ ಉಪ್ಪಿನಕಾಯಿಯ ಖಾಲಿ ಪ್ಲಾಸ್ಟಿಕ್ ಭರಣಿ ತಂದು, ಭಾರದ ದಂಡ ಕೂರುತ್ತಿದ್ದ ತೂತಿಗೇ ಅದನ್ನು ಬೋಲ್ಟು ಹಾಕಿ ಕೂರಿಸಿದೆ. ದಾರವನ್ನು ಭರಣಿಗೆ ಸುತ್ತಿದೆ. ಬಾಣ ಹಾರಿದರೆ ದಾರ ಭರಣಿಯ ಬಾಯಿಯ ಮೇಲಿನಿಂದ ಸರಸರನೆ ಬಿಚ್ಚಿಕೊಳ್ಳುತ್ತದೆ. ಎಷ್ಟು ತೊಳೆದರೂ ಮಾವಿನಕಾಯಿಯ ವಾಸನೆ ಹೋಗಲಿಲ್ಲ. ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ತಡೆದು, "ಮ್ಯಾಡಮ್, ಹೇ ಕಾಯ್ ಆಹೇ?" ಎಂದು ಕೇಳಿದ. ಇದೇನು ಎಂದು ಕೇಳಿದರೆ ಏನು ಹೇಳುವುದು? "ಲೋಣಚ" ಎಂದೆ, ಉಪ್ಪಿನಕಾಯಿ ಎಂದು. ಬಿಲ್ಲನ್ನೂ ಭರಣಿಯನ್ನೂ ನೋಡಿ ಅವನು ಗೇಟು ತೆಗೆದ.

ಆ ಭಾನುವಾರ ಬೆಳಿಗ್ಗೆಯೇ ಹೊಂಡದ ದಂಡೆಯಲ್ಲಿ ಅಭ್ಯಾಸ. ಹೊಡೆಯಲು ಏನಾದರೂ ಬೇಕಲ್ಲ? ನೀರಿನಲ್ಲಿ ಮುಳುಗಬೇಕು, ಬಾಣಕ್ಕೆ ಚುಚ್ಚಿಸಿಕೊಳ್ಳಬೇಕು. ಮಾವನವರು ಹೋಟೆಲಿನಿಂದ ಬಟಾಟೆಯ ಅರ್ಧ ಚೀಲವನ್ನೇ ಕಾರಿಗೆ ಹಾಕಿಸಿದ್ದರು. ಬಟಾಟೆ ಮುಳುಗುತ್ತದೆ, ಬೆಳ್ಳಗೆ ಸುಲಿದರೆ ನೀರಿನಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಬಿದಿರುಗಳವನ್ನು ದಂಡೆಯ ಮೂಲೆಯ ನೀರಿಗೆ ಅಡ್ಡ ಹಾಕಿ, ಪಾರ್ಸಲ್ ಕಟ್ಟುವ ನೂಲಿನಿಂದ ಬಟಾಟೆಗಳನ್ನು ಅವರೇ ಕೂತು ಒಂದೊಂದಾಗಿ ಇಳಿಬಿಟ್ಟರು. ನಾನು ಹೊಡೆಯುತ್ತೇನೆ ಎಂದು ಅವರಿಗೆ ನಂಬಿಕೆಯೇನೂ ಇರಲಿಲ್ಲ. ಆದರೆ ಕೈಗೊಂದು ಕೆಲಸ ಸಿಕ್ಕಿತ್ತು.

"ವಡೆಗೆ ಹಾಕಬೇಕಾದ್ದನ್ನು ನೀರಿಗೆ ಹಾಕಿದೆವಲ್ಲ ಮಾರಾಯ್ತಿ," ಎಂದರು.

ಮೊದಲ ಬಾಣ ಬಟಾಟೆಯ ಮೇಲಿನಿಂದ ಹೋಯಿತು. ಎರಡನೆಯದೂ. ಮೂರನೆಯದೂ. ಷರಬತ್ತಿನ ಗಾಜಿನ ಲೋಟದಲ್ಲಿ ಚಮಚ ಇಟ್ಟರೆ ನೀರಿನ ಗೆರೆಯ ಹತ್ತಿರ ಮುರಿದಂತೆ ಕಾಣುತ್ತದಲ್ಲ, ಇಲ್ಲಿಯೂ ಅದೇ. ನೀರಿನೊಳಗಿನ ವಸ್ತು ಇದ್ದ ಜಾಗಕ್ಕಿಂತ ಮೇಲೆ ಕಾಣುತ್ತದೆ. ಕಂಡ ಜಾಗಕ್ಕೆ ಹೊಡೆದರೆ ಅಲ್ಲಿ ಬರೀ ನೀರು. ಅದರ ಕೆಳಗೆ ಹೊಡೆಯಬೇಕು. ಇದು ಪುಸ್ತಕದಲ್ಲಿ ಓದಲು ಸುಲಭ. ವರ್ಷಗಟ್ಟಲೆ ಹಳದಿ ಚುಕ್ಕೆಗೆ ಗುರಿಯಿಟ್ಟು ಹಳದಿ ಚುಕ್ಕೆಗೇ ಬಿಟ್ಟ ಕೈಗೆ, ಬೇಕೆಂದೇ ಬೇರೆ ಕಡೆ ಬಿಡು ಎಂದರೆ ಕೇಳುವುದಿಲ್ಲ. ಕೆಳಗೆ ಹಿಡಿಯುತ್ತಿದ್ದೆ, ಬಿಡುವ ಗಳಿಗೆಯಲ್ಲಿ ಕಣ್ಣು ಬಟಾಟೆಯನ್ನು ಆಸೆಯಿಂದ ನೋಡುತ್ತಿತ್ತು, ಕೈ ಅದರ ಹಿಂದೆಯೇ ಏಳುತ್ತಿತ್ತು. ಬಾಯಿಗೆ ಬಂದದ್ದನ್ನೆಲ್ಲ ಬೈದುಕೊಂಡೆ. ಮಾವನವರು ನನ್ನ ಬಾಯಿಂದ ಅಂಥ ಕನ್ನಡ ಕೇಳಿದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಒಂದು ಉಪಾಯ ಕಂಡೆ. ಬಟಾಟೆಯನ್ನು ನೋಡುವುದನ್ನೇ ಬಿಟ್ಟು, ಅದರ ಒಂದು ಗೇಣು ಕೆಳಗೆ ಇನ್ನೊಂದು ಬಟಾಟೆ ಇದೆ ಎಂದು ಮನಸ್ಸಿನಲ್ಲಿ ಕಟ್ಟಿಕೊಂಡೆ. ಆ ಇಲ್ಲದ ಬಟಾಟೆಗೆ ಹೊಡೆದೆ. ಬಾಣ ನೀರು ಸೀಳಿ ಹೋಗಿ ನಿಜವಾದ ಬಟಾಟೆಗೆ ಚುಚ್ಚಿಕೊಂಡಿತು! ಮತ್ತೆ ಹೊಡೆದೆ, ಮತ್ತೆ ಚುಚ್ಚಿತು. ಸಂಜೆಯ ಹೊತ್ತಿಗೆ ಬಿದಿರುಗಳದ ಈ ತುದಿಯಿಂದ ಆ ತುದಿಯವರೆಗೆ ಸಾಲಾಗಿ ಹೊಡೆದೆ. ಸೊಕ್ಕು ನೆತ್ತಿಗೇರಿತು. ಬಾಣಕ್ಕೆ ಸಿಕ್ಕ ಬಟಾಟೆಯ ಫೋಟೊ ತೆಗೆದು ಮೈದಾನದ ವಾಟ್ಸಾಪ್ ಗುಂಪಿಗೆಲ್ಲ ಕಳಿಸಿದೆ. ಪದಕದ ಹುಡುಗಿಯರು ನಗುವ ಮುಖಗಳನ್ನು ಕಳಿಸಿದರು. ನಗಲಿ, ಮಾಂಗೂರಿನ ಫೋಟೊ ಬಂದಾಗ ನೋಡೋಣ ಅಂದುಕೊಂಡೆ.

ಮುಂದಿನ ಶನಿವಾರ ಬೆಳಕು ಹರಿಯುವಾಗಲೇ ಜಾಲಿಮರದ ಎದುರು ಹೋಗಿ ನಿಂತೆ. ನೀರಿನ ಮೇಲಿನ ಹೊಳಪು ಕಡಿಮೆ ಮಾಡುವ ಕನ್ನಡಕ, ತಲೆಗೆ ಅತ್ತೆಯ ಹಳೆಯ ಟೋಪಿ. ಮಾವನವರು ಹಿಂದೆ ಸ್ಟೂಲಿನ ಮೇಲೆ. ಸೂರ್ಯ ನನ್ನ ಬೆನ್ನಿಗೆ ಬಂದರೆ ನನ್ನ ನೆರಳೇ ನೀರಿನ ಮೇಲೆ ಬಿದ್ದು ಮೀನು ಹೆದರುತ್ತದೆ ಎಂದು ಸ್ವಲ್ಪ ಪಕ್ಕಕ್ಕೆ ಸರಿದು ನಿಂತಿದ್ದೆ. ಇಬ್ಬರೂ ಪಿಸುಗುಟ್ಟುತ್ತಲೂ ಇರಲಿಲ್ಲ.

ನೆರಳಿನಲ್ಲಿ ಕಪ್ಪಗೆ ಏನೋ ಎದ್ದಿತು. ನಿಧಾನವಾಗಿ, ಮನೆಯ ಯಜಮಾನ ನಡುಮನೆಗೆ ಬಂದ ಹಾಗೆ, ಮಾಂಗೂರು ಮೇಲೆ ಬಂತು. ಚಪ್ಪಟೆ ತಲೆ, ತುಂಡಾದ ಎಡಮೀಸೆ, ಎಲ್ಲಾ ಕಾಣಿಸಿತು. ನಾನಂದುಕೊಂಡದ್ದಕ್ಕಿಂತ ಬಹಳ ದೊಡ್ಡದು.  ಕಲಿತ ಪಾಠದಂತೆ ಒಂದು ಗೇಣು ಕೆಳಗೆ ಹಿಡಿದೆ, ಎಳೆದೆ, ಬಿಟ್ಟೆ.

ಬಾಣ ಅದರ ಹೊಟ್ಟೆಯ ಕೆಳಗಿನಿಂದ ಹಾದುಹೋಯಿತು. ಬಾಲ ಬಡಿದು ನೀರನ್ನು ನನ್ನ ಮೊಣಕಾಲಿನವರೆಗೆ ಎರಚಿ ಮಾಂಗೂರು ಮಾಯವಾಯಿತು.

ನಾನು ಅಲ್ಲಿಯೇ ಕಲ್ಲಿನ ಮೇಲೆ ಕೂತುಬಿಟ್ಟೆ. ಅಳು ಬರಬೇಕಿತ್ತು, ಸಿಟ್ಟು ಬಂತು. ಗುರಿ ನೋಡುವ ಉಂಗುರವಿಲ್ಲದ ಬಿಲ್ಲಿನ ಮೇಲೆ, ಭರಣಿಯ ಮೇಲೆ, ಮಾಂಗೂರಿನ ಮೇಲೆ.

"ಹೋಗ್ಲಿ ಬಿಡು," ಎಂದರು ಮಾವನವರು. "ನೀನು ಇಷ್ಟು ಮಾಡಿದ್ದೇ ದೊಡ್ಡದು. ನಾಳೆ ಪಂಪಿನವ ಬರ್ತಾನೆ." ಅವರ ಮಾತಿನಲ್ಲಿ ಬೇಸರ ಇರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಅವರು ಆಸೆ ಇಟ್ಟುಕೊಂಡೇ ಇರಲಿಲ್ಲ.

ಕಾಫಿ ಕುಡಿದ ಮೇಲೆ ಸಾಮಾನು ಕಟ್ಟೋಣವೆಂದು ಅವರು ಬಿದಿರುಗಳವನ್ನು ನೀರಿನಿಂದ ಎತ್ತಿದರು. ಹಿಂದಿನ ಭಾನುವಾರದ ಬಟಾಟೆಗಳು ಇನ್ನೂ ನೇತಾಡುತ್ತಿದ್ದವು, ಮೈತುಂಬ ತೂತು. ಗಳ ಮೇಲೆದ್ದಾಗ ನಾನು ನೋಡಿದೆ. ಬಟಾಟೆಗಳೆಲ್ಲ ಒಂದೇ ಸಾಲಿನಲ್ಲಿ ಇದ್ದವು. ಒಂದು ಮೇಲಿಲ್ಲ, ಒಂದು ಕೆಳಗಿಲ್ಲ, ದಾರ ಹಿಡಿದು ಗೆರೆ ಎಳೆದಂತೆ.

"ಮಾವಾರ, ನೂಲು ಎಲ್ಲಾ ಒಂದ ಅಳತಿಗೆ ಕತ್ತರಿಸೀರೇನು?"

"ಮತ್ತೆ?" ಎಂದರು, ಸ್ವಲ್ಪ ಹೆಮ್ಮೆಯಿಂದಲೇ. "ಕೈಯಳತೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ."

ಅವರಿಗೆ ಬೇರೆ ರೀತಿ ಬರುವುದಾದರೂ ಹೇಗೆ? ಜೀವನವೆಲ್ಲ ಎಲ್ಲಾ ಇಡ್ಲಿ ಒಂದೇ ಗಾತ್ರ, ಎಲ್ಲಾ ವಡೆ ಒಂದೇ ತೂಕ, ಎಲ್ಲಾ ಪಾರ್ಸಲಿಗೆ ಒಂದೇ ಅಳತೆಯ ನೂಲು. ಒಂದು ಟೇಬಲಿಗೆ ದೊಡ್ಡ ವಡೆ ಹೋಗಿ ಪಕ್ಕದ ಟೇಬಲಿಗೆ ಸಣ್ಣದು ಹೋದರೆ ಹೋಟೆಲಿನ ಮಾನ ಹೋಯಿತು ಎನ್ನುವವರು. ಅದೇ ಕೈಯಿಂದ ಬಟಾಟೆ ಕಟ್ಟಿದ್ದರು. ನಾನೂ ಕಡಿಮೆಯವಳೇನಲ್ಲ. ಮೈದಾನದಲ್ಲಿ ಎಲ್ಲಾ ಗುರಿಹಲಗೆಗಳೂ ಒಂದೇ ದೂರ, ಒಂದೇ ಎತ್ತರ. ಹಾಗಾಗಿ ಆ ಸಾಲು ನನಗೂ ಸರಿಯಾಗಿಯೇ ಕಂಡಿತ್ತು. ನಾನು ಕಲಿತದ್ದು ಒಂದೇ ಆಳ, ಮೊಣಕೈಯಷ್ಟು ಆಳ. ಅಲ್ಲಿ ಮುಳುಗಿದ್ದಕ್ಕೆ ಒಂದು ಗೇಣು ಕೆಳಗೆ ಹೊಡೆಯಬೇಕು, ನಿಜ. ಆದರೆ ಗಾಳಿ ಕುಡಿಯಲು ಬರುವ ಮೀನು ನೀರಿನ ಮೇಲ್ಮೈಗೇ ಬಂದಿರುತ್ತದೆ. ಅಲ್ಲಿ ನೀರಿನ ಮೋಸ ಬಹಳ ಕಡಿಮೆ. ಗೇಣಲ್ಲ, ಎರಡು ಬೆರಳು ಸಾಕು.

ನಾನು ಹೇಳುತ್ತಾ ಹೋದಂತೆ ಮಾವನವರು ಬಟಾಟೆಗಳ ಸಾಲನ್ನೇ ನೋಡಿದರು. ಆಮೇಲೆ ಅವರ ಹೊಟ್ಟೆ ಕುಣಿಯಲು ಶುರುವಾಯಿತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಮೀನಿಗೂ ಹೋಟೆಲ್ ರೂಲು ಹಾಕಿದೆನಲ್ಲ ನಾನು! ಹಿಡಿ ಆ ಕತ್ತರಿ, ಮತ್ತೆ ಕಟ್ಟುವಾ."

ಈ ಸಲ ಅವರೇ ಕೂತು, ಮನಸ್ಸು ಒಪ್ಪದಿದ್ದರೂ, ನೂಲನ್ನು ಹೇಗೆಂದರೆ ಹಾಗೆ ಕತ್ತರಿಸಿದರು. ಒಂದು ಬಟಾಟೆ ನೀರಿಗೆ ತಾಗಿದಂತೆ, ಒಂದು ತೋಳಿನಷ್ಟು ಆಳಕ್ಕೆ, ಒಂದು ನಡುವೆ. ಹೊಡೆಯುತ್ತ ಹೋದಂತೆ ಎರಡು ಸಂಗತಿ ನನ್ನ ಕೈಗೆ ತಿಳಿಯಿತು. ಆಳ ಹೆಚ್ಚಿದಷ್ಟೂ ಹೆಚ್ಚು ಕೆಳಗೆ. ನಾನು ದೂರ ಸರಿದಷ್ಟೂ ಇನ್ನೂ ಕೆಳಗೆ. ಹತ್ತಿರ ನಿಂತು ನೇರ ಕೆಳಗೆ ನೋಡಿದರೆ ಮೋಸವೇ ಇಲ್ಲ. ಸಂಜೆಯವರೆಗೆ ಎಣಿಕೆ ಬಿಟ್ಟು ಹೊಡೆದೆ. ತಪ್ಪುತ್ತಾ ಹೊಡೆದೆ, ಹೊಡೆಯುತ್ತಾ ತಪ್ಪಿದೆ. ಕತ್ತಲಾಗುವ ಮುಂಚೆ ಆಳ ನೋಡಿದ ಕೂಡಲೇ ಕೈ ತಾನೇ ಇಳಿಯಲು ಶುರುವಾಗಿತ್ತು. ಗುರಿಯ ಉಂಗುರ ಬೇಕಿರಲಿಲ್ಲ. ಎರಡೂ ಕಣ್ಣು ತೆರೆದು, ನೋಡಿದೆನೋ ಬಿಟ್ಟೆನೋ ಎಂಬಂತೆ. ಆ ರಾತ್ರಿ ಭುಜಕ್ಕೆ ಎಣ್ಣೆ ತಿಕ್ಕಿದ್ದು, ಅತ್ತೆಯನ್ನು ಕರೆದುಕೊಂಡು ಹೊಂಡದ ಮನೆಗೆ ಬಂದಿದ್ದ ನನ್ನ ಗಂಡ. ತಮಾಷೆ ಮಾಡುವುದನ್ನು ಅವರು ಮರೆತಿದ್ದರು.

ಭಾನುವಾರ ಬೆಳಿಗ್ಗೆ ಡೀಸೆಲ್ ಪಂಪು ಹೊತ್ತ ಟೆಂಪೊ ಬಂದೇ ಬಂತು. ಪಂಪಿನವನು ಪೈಪು ಬಿಚ್ಚಿ, ಒಂದು ತುದಿಯನ್ನು ಹೊಂಡಕ್ಕೆ ಬಿಟ್ಟು, "ಸುರೂ ಕರೂ ಕಾ, ಅಣ್ಣಾ?" ಎಂದು ಕೇಳಿದ. ಶುರು ಮಾಡಲೇ ಎಂದು.

ಮಾವನವರು ಜಾಲಿಮರದ ಹತ್ತಿರ ನಿಂತಿದ್ದ ನನ್ನ ಕಡೆ ನೋಡಿದರು. ನಾನು ತಿರುಗಲಿಲ್ಲ. ಹಿಂದಿನಿಂದ ಅವರ ಮಾತು ಕೇಳಿಸಿತು:

"ಆಧೀ ನಾಷ್ಟಾ ಕರಾ." ಮೊದಲು ತಿಂಡಿ ತಿನ್ನಿ ಎಂದರು. ಅವರಿಗೆ ಆಸೆ ಹುಟ್ಟಿತ್ತು. ಅದು ಗೊತ್ತಾದ ಕೂಡಲೇ ನನ್ನ ಅಂಗೈ ಬೆವರಿತು. ಸೀರೆಯಿದ್ದರೆ ಸೆರಗಿಗೆ ಒರೆಸಿಕೊಳ್ಳುತ್ತಿದ್ದೆ, ಪ್ಯಾಂಟಿಗೆ ಒರೆಸಿಕೊಂಡೆ.

ಪಂಪಿನವನ ತಟ್ಟೆಗೆ ಅತ್ತೆ ಉಪ್ಪಿಟ್ಟು ಬಡಿಸಿದರು. ಅಷ್ಟರಲ್ಲಿ ಮಾಂಗೂರು ಎದ್ದಿತು. ಆದರೆ ನನ್ನ ಕಡೆ ಬಾಲ ಮಾಡಿಕೊಂಡು, ಕೊಂಬೆಯ ಸಂದಿಯಲ್ಲಿ. ಹೊಡೆದರೆ ತಾಗುತ್ತಿತ್ತು, ಬಾಲಕ್ಕೋ ಬೆನ್ನಿಗೋ. ಬಿಲ್ಲು ಅರ್ಧ ಎಳೆದಿದ್ದೆ. ಅವ್ವನ ಮಾತು ಕಿವಿಯಲ್ಲಿ ಕೂತಿತ್ತು. ಎಳೆದದ್ದನ್ನು ಮೆಲ್ಲಗೆ ಇಳಿಸಿದೆ. ಮೀನು ಗಾಳಿ ಕುಡಿದು ಇಳಿದುಹೋಯಿತು. ದೂರದಿಂದ ನನ್ನ ಗಂಡ ಎರಡೂ ಕೈಯಿಂದ ತಲೆ ಹಿಡಿದುಕೊಂಡದ್ದು ಕಣ್ಣಂಚಿನಲ್ಲಿ ಕಂಡಿತು.

ಪಂಪಿನವನಿಗೆ ಅತ್ತೆ ಎರಡನೆಯ ಸಲ ಉಪ್ಪಿಟ್ಟು ಹಾಕಿದರು. ಸಾಕು ಎಂದರೂ ಬಿಡಲಿಲ್ಲ. ಆಮೇಲೆ ಬಾಳೆಹಣ್ಣು. ಆಮೇಲೆ ಚಹಾ. ಅವನು ಕೊನೆಗೆ ಗಂಟಲು ಸರಿಮಾಡಿಕೊಂಡು ಎದ್ದು ಪಂಪಿನ ಕಡೆ ಹೊರಟ. 

ಅವನು ಹಿಡಿಕೆಗೆ ಕೈ ಹಾಕುವಷ್ಟರಲ್ಲಿ ನೀರಿನ ಮೇಲೆ ಗುಳ್ಳೆ ಒಡೆದವು. ಕಪ್ಪು ತಲೆ ಮೇಲೆದ್ದಿತು, ಈ ಸಲ ನನಗೆ ಅಡ್ಡಲಾಗಿ, ಪೂರ್ತಿ ಉದ್ದಕ್ಕೆ. ತಲೆಯ ಗಟ್ಟಿ ಚಿಪ್ಪು ಮುಗಿದು ಮೆತ್ತಗಿನ ಮೈ ಶುರುವಾಗುವ ಜಾಗ ಕಂಡಿತು. ಆಳ ಎಷ್ಟು ಎಂದು ನಾನು ಯೋಚಿಸಲಿಲ್ಲ, ಕೈ ಯೋಚಿಸಿತು. ಎರಡು ಬೆರಳು ಕೆಳಗೆ. ಎಳೆದದ್ದು ನೆನಪಿದೆ, ಬಿಟ್ಟದ್ದು ನೆನಪಿಲ್ಲ.

ಠಪ್ಪೆಂದು ಸದ್ದಾಯಿತು. ಭರಣಿಯಿಂದ ದಾರ ಸರ್ರೆಂದು ಹಾರಿತು. ನೀರು ಒಮ್ಮೆ ಬುಗ್ಗೆಯಂತೆ ಎದ್ದು ಬಿತ್ತು. ದಾರ ಬಿಗಿಯಿತು, ಒಂದು ಸಲ ಜಗ್ಗಿತು. ಆಮೇಲೆ ಸುಮ್ಮನಾಯಿತು.

"ತಾಗಿತಾ?" ಎಂದು ಮಾವನವರು ಕೂಗಿದರು.

"ತಾಗೇದ್ರಿ ಮಾವಾರ! ತಾಗೇದ!"

ಮಂಡಿನೋವಿನ ಮನುಷ್ಯ ದಂಡೆಯ ಕಲ್ಲುಗಳನ್ನು ಇಳಿದು ಬಂದ ವೇಗಕ್ಕೆ ನಮಗೆಲ್ಲ ಗಾಬರಿಯಾಯಿತು. ಹೆಗಲ ಟವೆಲನ್ನು ಕೈಗೆ ಸುತ್ತಿ ದಾರ ಹಿಡಿದರು, ನಾನೂ ಹಿಡಿದೆ, ಇಬ್ಬರೂ ಎಳೆದೆವು. ಮಾಂಗೂರು ನೀರಿನ ಮೇಲೆ ತೇಲುತ್ತಾ ಬಂತು, ಬಾಣ ಸರಿಯಾಗಿ ಚಿಪ್ಪಿನ ಹಿಂದೆ. ನರಳಲಿಲ್ಲ. ದಂಡೆಗೆ ಬರುವಷ್ಟರಲ್ಲಿ ಸತ್ತಿತ್ತು. ಎಡಗಡೆ ಅರ್ಧ ಮೀಸೆ. ಪಂಪಿನವನು ಓಡಿ ಬಂದು, "ಅರೇ ಬಾಪ್ ರೇ," ಎಂದು ಬಾಯಿ ತೆರೆದು ನಿಂತ. ನಾನು ಕೂಗಿದೆನಂತೆ, ಬಿಲ್ಲು ಮೇಲೆತ್ತಿ ಕುಣಿದೆನಂತೆ. ಇರಬಹುದು. ಆ ಕ್ಷಣದಲ್ಲಿ ಪುಣೆಯ ಪದಕಗಳನ್ನೆಲ್ಲ ತಂದು ನನ್ನ ಕಾಲ ಬಳಿ ಸುರಿದಿದ್ದರೂ ನಾನು ಬಗ್ಗಿ ಎತ್ತಿಕೊಳ್ಳುತ್ತಿರಲಿಲ್ಲ.

ಕುಣಿದು ಮುಗಿದ ಮೇಲೆ ಆ ಮೀನಿನ ಹತ್ತಿರ ಸ್ವಲ್ಪ ಹೊತ್ತು ಕೂತೆ. ಅದಕ್ಕೇನು ಗೊತ್ತಿತ್ತು, ಹಸಿವಾದದ್ದಕ್ಕೆ ತಿಂದಿತು. ಮರುಕವಾಯಿತು. ಆದರೆ ಪಶ್ಚಾತ್ತಾಪವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಅವ್ವನಿಗೆ ಫೋನ್ ಮಾಡಿ, "ಒಂದ ಏಟಿಗೆ," ಎಂದೆ.

"ಹೂಂ," ಎಂದಳು. ಆಮೇಲೆ, "ತಲಿ ಮ್ಯಾಲ ಸ್ನಾನಾ ಮಾಡ್ಕೊ. ಮಾವಾರು ಉಂಡರೇನು?" ಎಂದು ಕೇಳಿದಳು.

ಪಂಪು ಬಂದ ಟೆಂಪೊದಲ್ಲೇ ವಾಪಸು ಹೋಯಿತು. ಫೋಟೊ ಮೈದಾನದ ಗುಂಪಿಗೆ ಹೋಯಿತು, ಈ ಸಲ ಯಾರೂ ನಗುವ ಮುಖ ಕಳಿಸಲಿಲ್ಲ. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಆ ಉಪ್ಪಿನಕಾಯಿ ಭರಣಿ ಯಾವ ಅಳತೆಯದು?

ಮುಂದಿನ ಭಾನುವಾರ ಬೆಳಿಗ್ಗೆ ಮಾವನವರು ನನ್ನನ್ನು ಎಬ್ಬಿಸಿ ಹೊಂಡಕ್ಕೆ ಕರೆದುಕೊಂಡು ಹೋದರು. ಬೋಗುಣಿಯಲ್ಲಿ ಹಿಂಡಿ, ತೌಡು ಕಲಸಿತ್ತು. ಅವರು ಮೊದಲ ಹಿಡಿ ಹಾಕಿದರು. ತಿಂಡಿ ನೀರಿನ ಮೇಲೆ ಹರಡಿ ತೇಲಿತು. ಏನೂ ಆಗಲಿಲ್ಲ. ಅವರು ಕಾದರು, ನಾನೂ ಕಾದೆ. 

ಬಂಡೆಯ ಹತ್ತಿರ ಒಂದು ಸಣ್ಣ ಬಾಯಿ ಮೇಲೆ ಬಂದು ಒಂದು ತುಣುಕು ಎಳೆದುಕೊಂಡು ಮುಳುಗಿತು. ಇನ್ನೊಂದು ಬಂತು. ಅದರ ಪಕ್ಕದಲ್ಲಿ ಮತ್ತೆರಡು. ನೋಡುನೋಡುತ್ತಿದ್ದಂತೆ ಹೊಂಡದ ಆ ಮೂಲೆಯೆಲ್ಲ ಪಟಪಟ ಬಾಯಿಗಳಿಂದ ಕುದಿಯತೊಡಗಿತು.

ಮಾವನವರು ಮರಿ ಬಿಟ್ಟ ದಿನದಿಂದ ಯಾರ ಕೈಗೂ ಕೊಡದಿದ್ದ ಬೋಗುಣಿಯನ್ನು ನನ್ನ ಕೈಗೆ ಇಟ್ಟು, ಸ್ಟೂಲಿನ ಮೇಲೆ ಕೂತರು.

"ಹಾಕು," ಎಂದರು. "ನೀನೇ ಹಾಕು. ಎಲ್ಲದಕ್ಕೂ ಸಮ ಬರುವ ಹಾಗೆ ಹಾಕು."